ಕಾಯಿಲೋವರ್ ಆರಿಸುವ ಮೊದಲು ಟೇಪು ಹಿಡಿಯಿರಿ: ರಸ್ತೆ ಕಾರಿನ ಸಸ್ಪೆನ್ಷನ್ ಟಿಪ್ಪಣಿ

ನಮ್ಮ ಅಣ್ಣನ ಕಾರು ಪೋಲೋ. ಎರಡು ವರ್ಷದ ಹಿಂದೆ ಅದಕ್ಕೆ ಕಾಯಿಲೋವರ್ ಕಿಟ್ (ಎತ್ತರ ಹೊಂದಿಸಲು ಬರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಹಾಕಿಸಿ, 40 ಮಿ.ಮೀ. ತಗ್ಗಿಸಿದ. ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ನಾಲ್ಕು ಜನ, ಬ್ಯಾಗುಗಳ ಸಮೇತ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು. ಹಿಂದಿನ ಸೀಟಿನಲ್ಲಿ ಅಮ್ಮ. ಪ್ರತಿ ಗುಂಡಿಗೂ ಹಿಂದಿನಿಂದ 'ಧಡ್' ಎಂದು ಸದ್ದು. ಸಕಲೇಶಪುರ ದಾಟುವಷ್ಟರಲ್ಲಿ ಅಮ್ಮ ಸೊಂಟ ಹಿಡಿದುಕೊಂಡು ಕೂತಿದ್ದರು. ಶಾಕ್ ಅಬ್ಸಾರ್ಬರ್‌ನ ಬಿಗಿ ಹೊಂದಿಸುವ ಕ್ಲಿಕ್ಕನ್ನು ಪೂರ್ತಿ ಮೆತ್ತಗೆ ಮಾಡಿದರೂ ಆ ಸದ್ದು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ಹುಡುಕುತ್ತಾ ಬರೆದುಕೊಂಡ ಟಿಪ್ಪಣಿ ಇದು. ನಾನು ಕಲಿತದ್ದು ಇಷ್ಟು: ರಸ್ತೆ ಕಾರಿಗೆ ಕಾಯಿಲೋವರ್ ಆರಿಸುವಾಗ ಎಷ್ಟು ತಗ್ಗುತ್ತದೆ, ಎಷ್ಟು ಕ್ಲಿಕ್ ಇದೆ ಎನ್ನುವುದು ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಟ್ರಾವೆಲ್. ಅಂದರೆ ಚಕ್ರಕ್ಕೆ ಮೇಲೆ ಹೋಗಲು ಎಷ್ಟು ಜಾಗ ಇದೆ, ಕೆಳಗೆ ಇಳಿಯಲು ಎಷ್ಟು ಜಾಗ ಇದೆ. ಮೇಲೆ ಹೋಗುವುದನ್ನು ಬಂಪ್ ಎನ್ನುತ್ತೇವೆ, ಕೆಳಗೆ ಇಳಿಯುವುದನ್ನು ಡ್ರೂಪ್.

ಕಾಯಿಲೋವರ್ ಎಂದರೇನು

ಸ್ಪ್ರಿಂಗ್ ಒಳಗೆ ಡ್ಯಾಂಪರ್ (ನಾವು ಶಾಕ್ ಅಬ್ಸಾರ್ಬರ್ ಎನ್ನುವುದು) ಇರುವ ಜೋಡಿಯೇ ಕಾಯಿಲೋವರ್. ಈ ಅರ್ಥದಲ್ಲಿ ನಮ್ಮ ಹ್ಯಾಚ್‌ಬ್ಯಾಕ್‌ಗಳ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ ಕೂಡ ಕಾಯಿಲೋವರೇ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸುಲ್, ಝೆಫಿರ್ ಕಾರುಗಳಲ್ಲಿ ಬಂದ ವಿನ್ಯಾಸ ಅದು. ಕಿಟ್ ಮಾರುವವರು ಕಾಯಿಲೋವರ್ ಎಂದು ಕರೆಯುವುದು ಮೈಮೇಲೆ ಥ್ರೆಡ್ ಇದ್ದು, ಎತ್ತರ ಹೊಂದಿಸಲು ಬರುವ ಜೋಡಿಯನ್ನು.

ಪೋಲೋ ಥರದ ಕಾರಿನ ಹಿಂಬದಿಯಲ್ಲಿ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ ಉಕ್ಕಿನ ತೊಲೆ) ಇದೆ. ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ. ಆದ್ದರಿಂದ ಕಿಟ್‌ನ ಹಿಂದಿನ ಅರ್ಧ ನಿಜವಾಗಿ ಕಾಯಿಲೋವರ್ ಅಲ್ಲ: ಒಂದು ಸ್ಪ್ರಿಂಗ್, ಅದರ ಕೆಳಗೋ ಮೇಲೋ ಒಂದು ಥ್ರೆಡ್ ಅಡ್ಜಸ್ಟರ್, ಬೇರೆಯಾಗಿ ಒಂದು ಡ್ಯಾಂಪರ್. ಇದನ್ನು ನೆನಪಿಡಿ. ನಮ್ಮ 'ಧಡ್' ಬಂದದ್ದು ಇಲ್ಲಿಂದಲೇ.

ಸ್ಪ್ರಿಂಗ್ ಲೆಕ್ಕ

ಸ್ಪ್ರಿಂಗ್ ಮೇಲೆ 6ಕೆ ಎಂದು ಬರೆದಿದ್ದರೆ, ಅದು ಒಂದು ಮಿ.ಮೀ. ಕುಸಿಯಲು 6 ಕೆ.ಜಿ. ತೂಕ ಬೇಕು ಎಂದರ್ಥ. ಆದರೆ ಚಕ್ರಕ್ಕೆ ಅಷ್ಟೂ ಸಿಗುವುದಿಲ್ಲ. ಚಕ್ರ 100 ಮಿ.ಮೀ. ಮೇಲೇರಿದಾಗ ಸ್ಟ್ರಟ್ 95 ಮಿ.ಮೀ. ಮಾತ್ರ ಕುಗ್ಗಿದರೆ, ಮೋಷನ್ ರೇಶಿಯೋ 0.95. ಇದರ ವರ್ಗ ತೆಗೆದುಕೊಳ್ಳಬೇಕು, ಸುಮಾರು 0.9. ಹಾಗಾಗಿ 6ಕೆ ಸ್ಪ್ರಿಂಗ್ ಚಕ್ರದ ಬಳಿ 5.4 ಆಗುತ್ತದೆ. ವರ್ಗ ಯಾಕೆ? ದೂರವೂ ಕಡಿಮೆಯಾಗುತ್ತದೆ, ಸನ್ನೆ ಹಾಕಿದಂತೆ ಬಲವೂ ಕಡಿಮೆಯಾಗುತ್ತದೆ. ಎರಡು ಸಲ ಕಡಿತ. ಡಬಲ್ ವಿಷ್‌ಬೋನ್ (ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುವ ವಿನ್ಯಾಸ) ಇರುವ ಕಾರುಗಳಲ್ಲಿ ಈ ರೇಶಿಯೋ 0.6, 0.7 ಇರುವುದುಂಟು. ಅದಕ್ಕೇ ಒಂದು ಕಾರಿನ 10ಕೆ ಇನ್ನೊಂದು ಕಾರಿನ 5ಕೆಗೆ ಸಮ ಆಗಬಹುದು. ಬೇರೆಯವರ ಕಾರಿನ ಸ್ಪ್ರಿಂಗ್ ಸಂಖ್ಯೆ ಕೇಳಿ ನಿಮ್ಮದಕ್ಕೆ ಹಾಕಬೇಡಿ.

ಈಗ ನನಗೆ ತುಂಬ ಇಷ್ಟವಾದ ಭಾಗ. ಕಾರು ಎಷ್ಟು ಬಿಗಿ ಎಂದು ತಿಳಿಯಲು ದೊಡ್ಡ ಸೂತ್ರ ಬೇಡ. ಕಾರಿನ ತೂಕಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಸಿದಿದೆ ಎಂದು ಲೆಕ್ಕ ಹಾಕಿ. 5ನ್ನು ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಬರುವ ಉತ್ತರವೇ ಹರ್ಟ್ಸ್, ಅಂದರೆ ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎನ್ನುವ ಲೆಕ್ಕ. (5 ಬಂದದ್ದು ಗುರುತ್ವದ 9.81ರಿಂದ. ಅದರ ವರ್ಗಮೂಲವನ್ನು 2π ಇಂದ ಭಾಗಿಸಿ, ಮೀಟರನ್ನು ಸೆಂಟಿಮೀಟರ್ ಮಾಡಿದರೆ 4.98. ಒಮ್ಮೆ ನೀವೇ ಮಾಡಿ ನೋಡಿ.)

ನಮ್ಮ ಕಾರಿನ ತೂಕ ಸುಮಾರು 1,100 ಕೆ.ಜಿ. ಎಂಜಿನ್ ಮುಂದಿರುವುದರಿಂದ ಮುಂದೆಯೇ ಜಾಸ್ತಿ. ಚಕ್ರ, ಬ್ರೇಕ್, ಹಬ್ ತೂಕ ಕಳೆದು, ಮುಂದಿನ ಒಂದೊಂದು ಸ್ಪ್ರಿಂಗ್ ಮೇಲೆ 300 ಕೆ.ಜಿ. ಕೂತಿದೆ ಎಂದುಕೊಳ್ಳೋಣ.

6ಕೆ ಸ್ಪ್ರಿಂಗ್ ಆದರೆ 300 ಭಾಗಿಸು 5.4, ಸುಮಾರು 55 ಮಿ.ಮೀ. ಕುಸಿತ. 5.5ರ ವರ್ಗಮೂಲ 2.35. ಉತ್ತರ 2.1 ಹರ್ಟ್ಸ್.
4ಕೆ ಆದರೆ 83 ಮಿ.ಮೀ. ಕುಸಿತ, 1.7 ಹರ್ಟ್ಸ್.
3ಕೆ ಆದರೆ 111 ಮಿ.ಮೀ. ಕುಸಿತ, 1.5 ಹರ್ಟ್ಸ್.

ಸಾಮಾನ್ಯ ಪ್ರಯಾಣಿಕ ಕಾರುಗಳು 1ರಿಂದ 1.5 ಹರ್ಟ್ಸ್ ನಡುವೆ ಇರುತ್ತವೆ. ಬಿಗಿಯಾದ ಸ್ಪೋರ್ಟ್ಸ್ ಕಾರುಗಳು 1.5ರಿಂದ 2. ಎರಡನ್ನು ದಾಟಿದರೆ ಅದು ಟ್ರ್ಯಾಕ್ ಕಡೆಯ ಲೆಕ್ಕ. ಅಣ್ಣನ ಕಿಟ್‌ನಲ್ಲಿ ಮುಂದೆ ಬಂದಿದ್ದದ್ದು 6ಕೆ.

ಇಲ್ಲಿ ಇನ್ನೊಂದು ಸಂಗತಿ ಅಡಗಿದೆ. ಸ್ಪ್ರಿಂಗ್ 55 ಮಿ.ಮೀ. ಮಾತ್ರ ಕುಸಿದಿದ್ದರೆ, ಚಕ್ರ ಗುಂಡಿಗೆ ಇಳಿಯುವಾಗ ಸ್ಪ್ರಿಂಗ್ ಅದನ್ನು ಒತ್ತಿಕೊಂಡು ಹೋಗುವುದೂ ಅಷ್ಟೇ ದೂರ. ಆಮೇಲೆ ಒತ್ತುವ ಬಲವೇ ಇಲ್ಲ. ಬಿಗಿ ಸ್ಪ್ರಿಂಗ್ ಹಾಕಿದ ಕಾರು ಒಡೆದ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುವುದು ಇದಕ್ಕೇ. ಬಿಗಿ ಇದ್ದಷ್ಟೂ ಹಿಡಿತ ಜಾಸ್ತಿ ಎನ್ನುವುದು ನಯವಾದ ಟಾರಿನ ಮೇಲೆ ಮಾತ್ರ ನಿಜ.

ಅಮ್ಮನ ಸೊಂಟಕ್ಕೆ ಕಾರಣ

ಈಗ ಹಿಂಬದಿಗೆ ಬನ್ನಿ. ಖಾಲಿ ಕಾರಿನಲ್ಲಿ ಹಿಂದಿನ ಒಂದೊಂದು ಬದಿಗೆ 175 ಕೆ.ಜಿ. ಇದೆ ಎನ್ನಿ. ಚಕ್ರದ ಬಳಿ ಸ್ಪ್ರಿಂಗ್ ಲೆಕ್ಕ ಮಿ.ಮೀ.ಗೆ 2 ಕೆ.ಜಿ. ಕುಸಿತ 87 ಮಿ.ಮೀ., ಅಂದರೆ 1.7 ಹರ್ಟ್ಸ್. ಒಳ್ಳೆಯದೇ. ಹಿಂದೆ ಇಬ್ಬರು ಕೂತು, ಡಿಕ್ಕಿ ತುಂಬಿದಾಗ ಪ್ರತಿ ಬದಿಗೆ 85 ಕೆ.ಜಿ. ಸೇರಿತು. ಕಾರಿನ ಹಿಂಬದಿ ಇನ್ನೂ 42 ಮಿ.ಮೀ. ಇಳಿಯಿತು.

ಊರಿಂದ ಬಂದ ಮೇಲೆ ಜಾಕ್ ಹಾಕದೆ, ಕಾರು ಚಕ್ರದ ಮೇಲೆ ನಿಂತಿರುವಾಗಲೇ, ಡ್ಯಾಂಪರ್‌ನ ಧೂಳಿನ ರಬ್ಬರ್ ತೋಳು ಎತ್ತಿ ನೋಡಿದೆ. ಹೊಳೆಯುವ ಕಂಬಿ, ಅದರ ಮೇಲ್ತುದಿಯಲ್ಲಿ ಹಳದಿ ಫೋಮಿನ ಬಂಪ್ ಸ್ಟಾಪ್, ಅಂದರೆ ಡ್ಯಾಂಪರ್ ಪೂರ್ತಿ ಕುಗ್ಗಿ ಬಡಿಯದಂತೆ ತಡೆಯುವ ಮೆತ್ತೆ. ಡ್ಯಾಂಪರ್ ಮೈಯಿಂದ ಬಂಪ್ ಸ್ಟಾಪ್‌ವರೆಗೆ ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ: 38 ಮಿ.ಮೀ. ಅದೂ ಖಾಲಿ ಕಾರಿನಲ್ಲಿ. ಈ ಕಾರಿನಲ್ಲಿ ಡ್ಯಾಂಪರ್ ಚಕ್ರದ ಪಕ್ಕದಲ್ಲೇ ಇರುವುದರಿಂದ ಚಕ್ರದ ಚಲನೆಯೂ ಕಂಬಿಯ ಚಲನೆಯೂ ಹೆಚ್ಚುಕಡಿಮೆ ಒಂದೇ. ಅಂದರೆ ನಾಲ್ಕು ಜನ ಕೂತ ಕ್ಷಣದಲ್ಲೇ, ಕಾರು ಮನೆ ಮುಂದೆ ನಿಂತಿರುವಾಗಲೇ, ಹಿಂಬದಿ ಬಂಪ್ ಸ್ಟಾಪ್ ಮೇಲೆ ಕೂತಿತ್ತು! ಅಲ್ಲಿಂದ ಮುಂದೆ ಸ್ಪ್ರಿಂಗ್ ಕೆಲಸವನ್ನು ಫೋಮೇ ಮಾಡಬೇಕು. ಕ್ಲಿಕ್ ತಿರುಗಿಸಿ ಏನು ಪ್ರಯೋಜನ?

ಅಂದಿನಿಂದ ನಾನು ಯಾವ ಕಾರು ನೋಡಿದರೂ ಮೊದಲು ಕೇಳುವುದು ಆ ಒಂದು ಅಳತೆಯನ್ನೇ. ನೀವೂ ಕಂಬಿಗೆ ಒಂದು ತೆಳು ಕೇಬಲ್ ಟೈ ಸುತ್ತಿ, ಮೈಗೆ ತಾಗುವಂತೆ ಕೆಳಗೆ ಸರಿಸಿ ಬಿಡಿ. ಗಟ್ಟಿಯಾಗಿ ಬಿಗಿಯಬೇಡಿ, ಜಾರುವಷ್ಟಿರಲಿ. ಒಂದು ವಾರ ಎಂದಿನ ದಾರಿಯಲ್ಲಿ ಓಡಾಡಿ. ಡ್ಯಾಂಪರ್ ಕುಗ್ಗಿದಾಗ ಟೈ ಮೇಲಕ್ಕೆ ಸರಿಯುತ್ತದೆ, ಹಿಗ್ಗಿದಾಗ ಅಲ್ಲೇ ಉಳಿಯುತ್ತದೆ. ಎಷ್ಟು ಟ್ರಾವೆಲ್ ಬಳಕೆಯಾಯಿತು ಎಂದು ಅದೇ ಹೇಳುತ್ತದೆ. ಇದನ್ನು ಹಳೆಯ ಸಸ್ಪೆನ್ಷನ್ ಇರುವಾಗಲೇ ಮಾಡಿದರೆ, ನಿಮ್ಮ ರಸ್ತೆಗೆ ಎಷ್ಟು ಬೇಕು ಎಂಬುದು ಕಿಟ್ ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ರಸ್ತೆ ಕಾರಿಗೆ ಒಟ್ಟು ಟ್ರಾವೆಲ್‌ನಲ್ಲಿ ಮೂರನೇ ಒಂದು ಭಾಗ ಡ್ರೂಪ್‌ಗೆ, ಉಳಿದದ್ದು ಬಂಪ್‌ಗೆ ಎನ್ನುವುದು ಶುರು ಮಾಡಲು ಒಳ್ಳೆಯ ಅಂದಾಜು.

ಎತ್ತರ ಹೊಂದಿಸುವ ಎರಡು ವಿಧ

ಒಂದರಲ್ಲಿ ಸ್ಪ್ರಿಂಗ್ ಕೂರುವ ಕಾಲರ್ ಮಾತ್ರ ಮೇಲೆ ಕೆಳಗೆ ಹೋಗುತ್ತದೆ. ತಗ್ಗಿಸಿದಷ್ಟೂ ಡ್ಯಾಂಪರ್ ಒಳಕ್ಕೆ ಹೋಗಿ ಬಂಪ್ ಕಡಿಮೆಯಾಗುತ್ತದೆ. ಇನ್ನೊಂದರಲ್ಲಿ ಕೆಳಗಿನ ಬ್ರಾಕೆಟ್ಟೇ ಥ್ರೆಡ್ ಮೇಲೆ ತಿರುಗುತ್ತದೆ, ಇಡೀ ಉದ್ದ ಬದಲಾಗುತ್ತದೆ, ಡ್ಯಾಂಪರ್ ಟ್ರಾವೆಲ್ ಹಾಗೇ ಉಳಿಯುತ್ತದೆ. ಎರಡನೆಯದು ಒಳ್ಳೆಯದು, ಆದರೆ ಟ್ರಾವೆಲ್ ಉಳಿಯಿತು ಎಂದು ತೀರಾ ತಗ್ಗಿಸಿದರೆ ಟೈರು ಫೆಂಡರ್ ಒಳಗೆ ತಾಗುತ್ತದೆ, ನೋಡಿಕೊಳ್ಳಿ.

ಪ್ರಿಲೋಡ್ (ಕಾರಿನ ತೂಕ ಬೀಳುವ ಮೊದಲೇ ಕಾಲರ್ ಬಿಗಿದು ಸ್ಪ್ರಿಂಗ್ ಒತ್ತಿಡುವುದು) ಬಗ್ಗೆ ಒಂದು ತಪ್ಪು ತಿಳಿವಳಿಕೆ ಗ್ಯಾರೇಜುಗಳಲ್ಲಿ ತುಂಬ ಇದೆ. ಕಾಲರ್ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಒಂದೇ ಸಮ ಸುತ್ತಿದ 4ಕೆ ಸ್ಪ್ರಿಂಗ್ ಎಷ್ಟು ಬಿಗಿದರೂ 4ಕೆಯೇ. ಬದಲಾಗುವುದು ಎತ್ತರ, ಅದರ ಜೊತೆ ಬಂಪ್, ಡ್ರೂಪ್ ಹಂಚಿಕೆ.

ನಮ್ಮ ಬೀದಿ ಹಂಪ್

ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಐಆರ್‌ಸಿ 99 ಕೋಡ್ (2018ರಲ್ಲಿ ಇದನ್ನು ಪರಿಷ್ಕರಿಸಿದರು) ಪ್ರಕಾರ ಗುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯ. ಪೋಲೋ ಚಕ್ರಗಳ ನಡುವಿನ ದೂರ ಸುಮಾರು 2.47 ಮೀಟರ್. ಹಂಪ್ ನಡುವೆ ಕಾರು ನಿಂತಾಗ ನಾಲ್ಕೂ ಚಕ್ರ ಹಂಪ್ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಚಕ್ರಗಳು ಆಗಲೇ 5.5 ಸೆಂ.ಮೀ. ಎತ್ತರದಲ್ಲಿವೆ. ಕಾರಿನ ಹೊಟ್ಟೆಗೆ ಬೇಕಾದ ಜಾಗ ಬರೀ 4.5 ಸೆಂ.ಮೀ. ಕೋಡ್ ಪ್ರಕಾರ ಕಟ್ಟಿದ ಹಂಪ್ ಮೇಲೆ ನಿಧಾನವಾಗಿ ಹೋದರೆ ತಗ್ಗಿಸಿದ ಕಾರೂ ತಾಗುವುದಿಲ್ಲ.

ಆದರೆ ನಮ್ಮ ಬೀದಿಯದನ್ನು ದಾರ ಕಟ್ಟಿ ಅಳೆದೆ: 1.2 ಮೀಟರ್ ಅಗಲ, 12 ಸೆಂ.ಮೀ. ಎತ್ತರ. ಚಕ್ರಗಳು ಎರಡೂ ಕಡೆ ನೆಲದ ಮೇಲಿರುತ್ತವೆ, ಅಷ್ಟೂ ಎತ್ತರ ಹೊಟ್ಟೆಗೇ ಬರುತ್ತದೆ. ತಗ್ಗಿಸುವ ಮೊದಲು, ಖಾಲಿ ಇದ್ದಾಗ ನಮ್ಮ ಕಾರಿನ ಹೊಟ್ಟೆ ನೆಲದಿಂದ 165 ಮಿ.ಮೀ. ಇತ್ತು. ತುಂಬಿದಾಗ ನಡುಭಾಗ ಸುಮಾರು 25 ಇಳಿಯುತ್ತದೆ. ಉಳಿಯುವುದು 140. ಹಂಪ್ 120. ತಾಗದಂತೆ 5 ಮಿ.ಮೀ. ಬಿಟ್ಟರೆ, ನಮಗೆ ತಗ್ಗಿಸಲು ಇರುವುದು ಹೆಚ್ಚೆಂದರೆ 15 ಮಿ.ಮೀ. ಕ್ಯಾಟಲಾಗ್ ಎಷ್ಟೇ ಹೇಳಲಿ, ನಿಮ್ಮ ಲೆಕ್ಕ ನಿಮ್ಮ ಬೀದಿಯಲ್ಲಿದೆ.

ಮ್ಯಾಕ್‌ಫರ್ಸನ್ ಕಾರನ್ನು ಜಾಸ್ತಿ ತಗ್ಗಿಸದಿರಲು ಇನ್ನೊಂದು ಕಾರಣವೂ ಇದೆ. ಚಕ್ರವನ್ನು ಕಾರಿಗೆ ಸೇರಿಸುವ ಕೆಳಗಿನ ಆರ್ಮ್ ಅಡ್ಡ ರೇಖೆ ದಾಟಿ ಚಕ್ರದ ಕಡೆ ಮೇಲಕ್ಕೆ ಓರೆಯಾದರೆ, ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಬಾಡಿಗಿಂತ ಜಾಸ್ತಿ ಕೆಳಗಿಳಿಯುತ್ತದೆ. ಕಾರು ತಗ್ಗಿದ್ದರೂ ತಿರುವಿನಲ್ಲಿ ವಾಲಿಸುವ ಸನ್ನೆ ಉದ್ದವಾಗುತ್ತದೆ.

ಡ್ಯಾಂಪರ್

ಸ್ಪ್ರಿಂಗ್ ಎರಡರಷ್ಟು ಬಿಗಿ ಮಾಡಿ ಹಳೆಯ ಡ್ಯಾಂಪರ್ ಬಿಟ್ಟರೆ ಡ್ಯಾಂಪಿಂಗ್ ಅನುಪಾತ (ಸ್ಪ್ರಿಂಗ್ ಆಟವನ್ನು ಡ್ಯಾಂಪರ್ ಎಷ್ಟು ತಡೆಯುತ್ತದೆ ಎನ್ನುವ ಲೆಕ್ಕ) ಮೊದಲಿದ್ದದ್ದರ ಸುಮಾರು 0.7 ಪಾಲಿಗೆ ಇಳಿದು ಕಾರು ಕುಣಿಯುತ್ತದೆ. ಜೋಡಿಯಾಗಿ ಕೊಳ್ಳುವುದು ಇದಕ್ಕೆ.

ಕ್ಲಿಕ್ ಬಗ್ಗೆ ತಿಳಿಯಬೇಕಾದದ್ದು: ತಿರುವಿನಲ್ಲಿ ವಾಲುವುದು, ಬ್ರೇಕಿಗೆ ಮುಂದೆ ಬಾಗುವುದು ಇವೆಲ್ಲ ಪಿಸ್ಟನ್ ನಿಧಾನವಾಗಿ ಚಲಿಸುವ ಕೆಲಸ. ಗುಂಡಿ, ಚೂಪು ಹಂಪ್ ವೇಗದ ಕೆಲಸ. ಒಂದೇ ನಾಬ್ ಇರುವ ಸಾಮಾನ್ಯ ಕಿಟ್‌ನಲ್ಲಿ ಆ ನಾಬ್ ತಿರುಗಿಸಿದಾಗ ಬದಲಾಗುವುದು ಮುಖ್ಯವಾಗಿ ನಿಧಾನದ ಭಾಗ. ವೇಗದ ಭಾಗವನ್ನು ಒಳಗಿನ ತೆಳು ತಗಡಿನ ವಾಲ್ವುಗಳು ನಿರ್ಧರಿಸುತ್ತವೆ. 30 ಕ್ಲಿಕ್ ಇದ್ದರೂ ಗುಂಡಿಯ ಏಟು ಅಷ್ಟಾಗಿ ಬದಲಾಗದಿರುವುದು ಇದರಿಂದಲೇ. ಕಾಯಿಲೋವರ್ ಮಾಡುವ ಕೆಡಬ್ಲ್ಯೂ ಕಂಪನಿಯ ಸಾಲು ನೋಡಿದರೆ ಮೆಟ್ಟಿಲು ಸ್ಪಷ್ಟ: ವೇರಿಯಂಟ್ 1ರಲ್ಲಿ ಎತ್ತರ ಮಾತ್ರ, 2ರಲ್ಲಿ ರಿಬೌಂಡ್ (ಡ್ಯಾಂಪರ್ ಹಿಗ್ಗುವಾಗಿನ ತಡೆ) ಕೂಡ, 3ರಲ್ಲಿ ರಿಬೌಂಡ್ ಮತ್ತು ಕಂಪ್ರೆಷನ್ (ಕುಗ್ಗುವಾಗಿನ ತಡೆ) ಬೇರೆ ಬೇರೆ. ದಿನಾ ಆಫೀಸಿಗೆ ಹೋಗುವ ಕಾರಿಗೆ, ಚೆನ್ನಾಗಿ ವಾಲ್ವ್ ಮಾಡಿದ ಕ್ಲಿಕ್ ಇಲ್ಲದ ಡ್ಯಾಂಪರ್ ಸಾಕು ಎಂದೇ ನನ್ನ ಅನಿಸಿಕೆ.

ಮಾನೋಟ್ಯೂಬ್ (ಒಂದೇ ಕೊಳವೆಯ ಡ್ಯಾಂಪರ್) ಒಳ್ಳೆಯದೋ ಟ್ವಿನ್ ಟ್ಯೂಬೋ (ಕೊಳವೆಯೊಳಗೆ ಕೊಳವೆ ಇರುವುದು) ಎಂದು ಎಲ್ಲರೂ ಕೇಳುತ್ತಾರೆ. ಫ್ರಾನ್ಸಿನ ಎಂಜಿನಿಯರ್ ದ ಕಾರ್ಬೋನ್ ರೂಪಿಸಿದ ಮಾನೋಟ್ಯೂಬನ್ನು 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಕಂಪನಿ ಮರ್ಸಿಡಿಸ್ ಕಾರುಗಳಿಗೆ ತಂದಿತು. ಶಾಖ ಬೇಗ ಬಿಡುತ್ತದೆ. ಆದರೆ ಗ್ಯಾಸ್ ಕೋಣೆಯೂ ಅದೇ ಕೊಳವೆಯ ಉದ್ದವನ್ನು ತಿನ್ನುತ್ತದೆ. ಅಷ್ಟೇ ಉದ್ದದ ಟ್ವಿನ್ ಟ್ಯೂಬಿನಲ್ಲಿ ಜಾಸ್ತಿ ಟ್ರಾವೆಲ್ ಸಿಗುತ್ತದೆ, ಹೊರಗೆ ಕಲ್ಲು ಬಡಿದು ನೆಗ್ಗಿದರೂ ಪಿಸ್ಟನ್ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ರಸ್ತೆಗೆ ಅದು ಸಣ್ಣ ಮಾತಲ್ಲ.

ಮುಂದೆ, ಹಿಂದೆ

1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಆಲಿ ಕಂಡುಕೊಂಡದ್ದು: ಹಿಂಬದಿಯ ಹರ್ಟ್ಸ್ ಮುಂದಿನದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. 40 ಕಿ.ಮೀ. ವೇಗದಲ್ಲಿ ನಮ್ಮ ಕಾರಿನ ಹಿಂದಿನ ಚಕ್ರ ಅದೇ ಹಂಪನ್ನು 0.22 ಸೆಕೆಂಡ್ ತಡವಾಗಿ ಏರುತ್ತದೆ. ತಡವಾಗಿ ಶುರುವಾದದ್ದು ಸ್ವಲ್ಪ ಬೇಗ ಆಡಿದರೆ ಮುಂದಿನದನ್ನು ಹಿಡಿಯುತ್ತದೆ, ಕಾರು ತೊಟ್ಟಿಲಿನಂತೆ ತೂಗುವುದಿಲ್ಲ. ಮುಂದೆ 2.1, ಹಿಂದೆ 1.7 ಇದ್ದ ನಮ್ಮ ಕಾರು ತೂಗುತ್ತಿತ್ತು.

ಉಳಿದವು, ಬೇಗ ಬೇಗ

ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಸೇರಿಸುವ ಭಾಗ) ರಬ್ಬರಿನದೇ ಇರಲಿ. ಲೋಹದ ಗುಂಡಿನ ಪಿಲ್ಲೋಬಾಲ್ ಸದ್ದು ಮಾಡುತ್ತದೆ, ಧೂಳಿಗೆ ಬೇಗ ಸವೆಯುತ್ತದೆ. ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಥ್ರೆಡ್ ತುಕ್ಕು ಹಿಡಿದು ಕಾಲರ್ ಅಲುಗಾಡದಂತಾಗುತ್ತದೆ. ಸ್ಟೇನ್‌ಲೆಸ್ ಮೈ ಇರುವುದು ನೋಡಿ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ) ಹಾಕದೆ ಸ್ಟ್ರಟ್‌ನ ಮೇಲಿನ ನಟ್ ಬಿಚ್ಚಲೇಬೇಡಿ, ಪ್ರಾಣಕ್ಕೇ ಅಪಾಯ. ಆರ್ಮ್‌ನ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತ ಮೇಲೆ ಬಿಗಿಯಿರಿ. ಗಾಳಿಯಲ್ಲಿ ತೂಗುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಮಟ್ಟ. ವಾಹನದಲ್ಲಿ ಮಾಡುವ ಬದಲಾವಣೆ ಬಗ್ಗೆ ಇರುವ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ, ವಿಮಾ ಕಂಪನಿಗೂ ಬದಲಾವಣೆ ತಿಳಿಸಿ.

ನಮ್ಮ ಕಾರಿನಲ್ಲಿ ಕೊನೆಗೆ ಮಾಡಿದ್ದು: ಮುಂದೆ 6ಕೆ ತೆಗೆದು ಉದ್ದದ 3.5ಕೆ ಸ್ಪ್ರಿಂಗ್ ಹಾಕಿದೆವು, 1.6 ಹರ್ಟ್ಸ್. ಸ್ಪ್ರಿಂಗ್ ಮೆತ್ತಗಾದ್ದರಿಂದ ಡ್ಯಾಂಪರ್ ಕ್ಲಿಕ್ಕನ್ನೂ ಇಳಿಸಿದೆವು. ಹಿಂದೆ 25 ಮಿ.ಮೀ. ಎತ್ತಿದೆವು. ಬಂಪ್ ಸ್ಟಾಪ್‌ವರೆಗೆ ಖಾಲಿ ಇದ್ದಾಗ 63, ತುಂಬಿದಾಗ 21. ಹೋದ ತಿಂಗಳು ಮತ್ತೆ ನಾಲ್ಕು ಜನ ಅದೇ ಘಾಟಿ ಇಳಿದೆವು. ಮಂಗಳೂರಿನಲ್ಲಿ ಚಕ್ರದ ಪಕ್ಕ ಮಂಡಿಯೂರಿ ರಬ್ಬರ್ ತೋಳು ಎತ್ತಿದೆ. ಕೇಬಲ್ ಟೈ ಫೋಮನ್ನು 8 ಮಿ.ಮೀ. ಒತ್ತಿ ನಿಂತಿತ್ತು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು.