ಕಿತ್ತು ಕೂರಿಸಿದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಲೇಬೇಕಾ?

ಪ್ರಶ್ನೆ: ಮಗಳಿಗೆ 18 ವರ್ಷ. ಕೆಳಗಿನ ದವಡೆ ಹಲ್ಲು ಹುಳುಕು ಹಿಡಿದು ಉಳಿಯುವ ಹಾಗಿಲ್ಲ. ಅವಳದೇ ಬುದ್ಧಿಹಲ್ಲನ್ನು ಕಿತ್ತು ಅಲ್ಲಿ ಕೂರಿಸೋಣ ಅಂತಾರೆ ಡಾಕ್ಟರು. ನರ ಕಡಿದ ಮೇಲೆ ಅದು ಸತ್ತ ಹಲ್ಲೇ ಅಲ್ವಾ? ಮೊದಲೇ ರೂಟ್ ಕೆನಾಲ್ ಮಾಡಿಸಿಬಿಡೋದು ಒಳ್ಳೇದಲ್ವಾ?

ಉತ್ತರ: ಬೇರಿನ ತುದಿ ಇನ್ನೂ ತೆರೆದಿದ್ದರೆ ಖಂಡಿತ ಒಳ್ಳೇದಲ್ಲ. ಚಿಂತಾಮಣಿಯವರು ಕೇಳಲಿ, ತಿಪಟೂರಿನವರು ಕೇಳಲಿ, ಮಾತು ಈ ‘ಸತ್ತ ಹಲ್ಲಿ’ಗೇ ಬಂದು ನಿಲ್ಲುತ್ತೆ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಹಲ್ಲು ಕಿತ್ತಾಗ ರಕ್ತನಾಳ, ನರ ಎರಡೂ ತುಂಡಾಗುತ್ತವೆ, ನಿಜ. ಅವನ್ನು ಯಾರೂ ಹೊಲಿದು ಜೋಡಿಸುವುದೂ ಇಲ್ಲ. ಆದರೆ ಬೇರು ಇನ್ನೂ ಬೆಳೆಯುತ್ತಿರುವಾಗ ಅದರ ತುದಿ ಮುಚ್ಚಿರುವುದಿಲ್ಲ. ತುದಿಯ ಬಾಯಿ 1 ಮಿ.ಮೀ.ಗಿಂತ ಅಗಲವಿದ್ದರೆ ಹಲ್ಲು ಕೂರಿಸಿದ ಹೊಸ ಗುಳಿಯಿಂದ ರಕ್ತನಾಳಗಳು ತಾವಾಗಿ ಒಳಕ್ಕೆ ಬೆಳೆದು ತಿರುಳನ್ನು, ಅಂದರೆ ಹಲ್ಲಿನೊಳಗೆ ನರ-ರಕ್ತನಾಳ ಇರುವ ಮೆದು ಭಾಗವನ್ನು, ಬದುಕಿಸುವ ಸಾಧ್ಯತೆ ಚೆನ್ನಾಗಿರುತ್ತೆ. ಬೇರು ಮುಕ್ಕಾಲು ಪಾಲು ಬೆಳೆದ ಹಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. ಅಂಥ ಹಲ್ಲಿಗೆ ಆತುರಬಿದ್ದು ರೂಟ್ ಕೆನಾಲ್ ಮಾಡಿದರೆ ಬದುಕಬಹುದಾದ ತಿರುಳನ್ನು ಕೈಯಾರೆ ಕಿತ್ತೆಸೆದಂತೆ. ಬೇರಿನ ಗೋಡೆ ತೆಳುವಾಗಿಯೇ ಉಳಿದು ಮುಂದೆ ಮುರಿಯುವ ಅಪಾಯ ಬೇರೆ.

ತಿಂಗಳಾದ ಮೇಲೆ ಆ ಹಲ್ಲಿಗೆ ತಣ್ಣನೆಯದು ಮುಟ್ಟಿಸಿದರೆ ಏನೂ ಗೊತ್ತಾಗುವುದಿಲ್ಲ. ‘ನೋಡಿ, ಸತ್ತಿದೆ’ ಅಂತ ತೀರ್ಮಾನವಾಗುವುದು ಇಲ್ಲೇ. ಆ ಪರೀಕ್ಷೆ ಹೇಳುವುದು ನರದ ಸುದ್ದಿ, ರಕ್ತದ್ದಲ್ಲ. ಸಂವೇದನೆ ಮರಳಲು ಎರಡು-ಮೂರು ತಿಂಗಳು, ಕೆಲವೊಮ್ಮೆ ಆರು ತಿಂಗಳೂ ಹಿಡಿಯುತ್ತೆ. ಎಕ್ಸ್‌ರೇಯಲ್ಲಿ ಬೇರಿನೊಳಗಿನ ಕಾಲುವೆ ಕಿರಿದಾಗುತ್ತಾ ಬಂದರೂ ಗಾಬರಿ ಬೇಡ, ತಿರುಳು ಜೀವಂತ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ವಸಡಿನಲ್ಲಿ ಕೀವಿನ ಗುಳ್ಳೆ ಎದ್ದರೆ, ಬೇರಿನ ತುದಿಗೆ ಕಪ್ಪು ನೆರಳು ಕಂಡರೆ, ಬೇರು ಕರಗುತ್ತಿದ್ದರೆ ಆಗ ರೂಟ್ ಕೆನಾಲ್, ತಡಮಾಡದೆ. ತುದಿ ಪೂರ್ತಿ ಮುಚ್ಚಿದ ಹಲ್ಲಿನ ಲೆಕ್ಕ ಬೇರೆ. ಅದಕ್ಕೆ ಸಾಮಾನ್ಯವಾಗಿ ಎರಡು ವಾರದೊಳಗೆ ಶುರುಮಾಡಬೇಕು.

ನೀವು ಕೇಳಬೇಕಿದ್ದದ್ದು ಬೇರಿನ ಮೇಲಿನ ಪೊರೆಯ ಬಗ್ಗೆ. ಅದು ಒಣಗಿದರೆ, ಉಜ್ಜಿಹೋದರೆ ಬೇರು ಮೂಳೆಗೆ ಅಂಟಿಕೊಂಡು ವರ್ಷಗಳಲ್ಲಿ ಕರಗುತ್ತೆ. ಅದಕ್ಕೇ ಮೊದಲು ಸ್ಕ್ಯಾನ್ ಮಾಡಿ ಅಳತೆ ತೆಗೆದು, ಗುಳಿಯನ್ನು ಸಲೈನ್ ಹಾಯಿಸುತ್ತಾ ಬೇರಿಗಿಂತ ತುಸು ಅಗಲ ಮಾಡಿಕೊಂಡಿರುತ್ತಾರೆ. ಹಲ್ಲು ಬಾಯಿಂದ ಹೊರಗಿರುವುದು ಕೆಲವೇ ನಿಮಿಷ ಇರಬೇಕು. ಮೇಲಿನ ಹಲ್ಲಿಗೆ ತಾಗದಷ್ಟು ತಗ್ಗಿಸಿ ಕೂರಿಸಿ, ಹೊಲಿಗೆಯಲ್ಲೋ ಬಾಗುವ ತಂತಿಯಲ್ಲೋ ಒಂದೆರಡು ವಾರ ಹಿಡಿದಿಡುತ್ತಾರೆ. ಅಲುಗದಂತೆ ಬಿಗಿದರೆ ಮೂಳೆಗೆ ಅಂಟುವ ಭಯ. ಅಷ್ಟು ದಿನ ಮೆತ್ತಗಿನ ಮುದ್ದೆ, ಉಗುರುಬೆಚ್ಚಗಿನ ಸಾರು ಸಾಕು. ಮುದ್ದೆಯನ್ನು ಹೇಗೂ ಯಾರೂ ಅಗಿಯುವುದಿಲ್ಲ.

ಪೊರೆಯ ಮಾತು ಬಂದಿದ್ದಕ್ಕೆ ಇನ್ನೊಂದು. ಮಕ್ಕಳು ಬಿದ್ದು ಹಲ್ಲು ಬೇರುಸಮೇತ ಕಿತ್ತುಬಂದಾಗ ಕರವಸ್ತ್ರದಲ್ಲಿ ಸುತ್ತಿ ತರುತ್ತಾರೆ, ಕೆಲವರು ಬೇರನ್ನು ತಿಕ್ಕಿ ತೊಳೆದೂ ತರುತ್ತಾರೆ. ದಯವಿಟ್ಟು ಬೇಡ. ಬೇರು ಮುಟ್ಟದೆ ಮೇಲ್ಭಾಗ ಹಿಡಿದುಕೊಳ್ಳಿ. ಕೊಳೆಯಾಗಿದ್ದರೆ ಕೆಲವು ಸೆಕೆಂಡು ನೀರು ಹಾಯಿಸಿ, ಅದೇ ಗುಳಿಗೆ ಕೂರಿಸಿ, ಬಟ್ಟೆ ಕಚ್ಚಿಸಿ. ಧೈರ್ಯ ಬರದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ. ಕೋಲಾರ ಸೀಮೆಯಲ್ಲಿ ಹಾಲಿಗೇನು ಬರ? ಒಂದು ಗಂಟೆ ಒಣಗಿತೆಂದರೆ ಪೊರೆ ಬಹುಪಾಲು ಸತ್ತಿರುತ್ತೆ. ಉದುರಿದ್ದು ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸಬೇಡಿ, ಕೆಳಗೆ ಬರುತ್ತಿರುವ ಹಲ್ಲಿಗೆ ಪೆಟ್ಟಾಗುತ್ತೆ.