ಸಾಂಟಾ ಕ್ಲಾರಾದ ಬಡವರನ್ನು ಎಣಿಸುವ ಹಳೆಯ ಅಳತೆಗೋಲು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮನೆಯೊಂದರ ವಾರ್ಷಿಕ ಆದಾಯದ ಮಧ್ಯಾಂಕ ಸುಮಾರು 1,59,700 ಡಾಲರ್. ಅರ್ಧ ಮನೆಗಳ ಆದಾಯ ಇದಕ್ಕಿಂತ ಹೆಚ್ಚು, ಇನ್ನರ್ಧದ್ದು ಕಡಿಮೆ ಎಂದರ್ಥ. ಅಮೆರಿಕದ ಜನಗಣತಿ ಸಂಸ್ಥೆಯಾದ ಸೆನ್ಸಸ್ ಬ್ಯೂರೊ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆ 2019–2023ಕ್ಕೆ ಕೊಟ್ಟ ಲೆಕ್ಕ ಇದು. ಇಡೀ ಅಮೆರಿಕಕ್ಕೆ ಇದೇ ಅಂಕಿ 78,500ರ ಆಸುಪಾಸು. ಸಾಂಟಾ ಕ್ಲಾರಾದ ಅಂಕಿಯನ್ನು ರೂಪಾಯಿಗೆ ತಿರುಗಿಸಿ, ‘ಅಲ್ಲಿ ಸಾಧಾರಣ ಮನೆಗೂ ಕೋಟಿ ಮೇಲೆ ಆದಾಯ’ ಎಂದು ಬೆರಗಾಗುವವರು ನಮ್ಮಲ್ಲಿ ಬಹಳ. ಅದೇ ಸರ್ವೆಯ ಪ್ರಕಾರ ಅಲ್ಲಿನ ಬಡವರ ಪ್ರಮಾಣ ಶೇಕಡ 7ರ ಸುತ್ತಮುತ್ತ. ಕೂಡಿ ಕಳೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಬಡತನವನ್ನು ಅಳೆದ ಕೋಲು 1955ರ ಅಡುಗೆಮನೆ ಖರ್ಚನ್ನು ನೋಡಿ ಕತ್ತರಿಸಿದ್ದು.

ಕೌಂಟಿಯ ಪರಿಚಯ ಮೊದಲು. ಸ್ಯಾನ್ ಹೋಸೆ ಇದರ ಕೇಂದ್ರ. ಗೂಗಲ್ ಇರುವ ಮೌಂಟನ್ ವ್ಯೂ, ಆಪಲ್ ಇರುವ ಕ್ಯುಪರ್ಟಿನೊ, ಕನ್ನಡಿಗರಿಗೆ ಚಿರಪರಿಚಿತವಾದ ಸನಿವೇಲ್ ಎಲ್ಲ ಇದರೊಳಗೆ. ಫ್ರೀಮಾಂಟ್ ಮಾತ್ರ ಪಕ್ಕದ ಅಲಮೀಡಾ ಕೌಂಟಿಗೆ ಸೇರಿದ್ದು. ಸಿಲಿಕಾನ್ ವ್ಯಾಲಿ ಮತ್ತು ಸಾಂಟಾ ಕ್ಲಾರಾ ಒಂದೇ ಅಲ್ಲ. 1940ರಲ್ಲಿ ಈ ಕೌಂಟಿಯ ಏಪ್ರಿಕಾಟ್, ಪ್ಲಮ್ ತೋಟಗಳ ನಡುವೆ ಇದ್ದವರು 1,74,949 ಜನ. 1970ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು, 2020ರಲ್ಲಿ 19,36,259. ಇವರಲ್ಲಿ ಐವರಿಗೆ ಇಬ್ಬರಂತೆ ಹೊರದೇಶದಲ್ಲಿ ಹುಟ್ಟಿದವರು. ಏಷ್ಯನ್ ಮೂಲದವರ ಪಾಲೂ ಹತ್ತಿರ ಹತ್ತಿರ ಅಷ್ಟೇ. ‘ಏಷ್ಯನ್’ ಎಂಬ ಆ ಒಂದೇ ಕಾಲಮ್ಮಿನೊಳಗೆ ಎಚ್-1ಬಿ ವೀಸಾದಲ್ಲಿ ಬಂದ ಎಂಜಿನಿಯರೂ ಇದ್ದಾರೆ, 1975ರಲ್ಲಿ ಸೈಗಾನ್ ಬಿದ್ದ ಮೇಲೆ ನಿರಾಶ್ರಿತರಾಗಿ ಬಂದ ವಿಯೆಟ್ನಾಮೀಯರೂ ಇದ್ದಾರೆ. ಇಬ್ಬರ ಆದಾಯವನ್ನೂ ಸೇರಿಸಿ ಒಂದು ಅಂಕಿ ತೆಗೆದರೆ ಅದು ಯಾರ ಮನೆಯ ಕಥೆಯನ್ನೂ ಹೇಳುವುದಿಲ್ಲ.

ಮಧ್ಯಾಂಕದ ಬಗ್ಗೆ ಎರಡು ಮಾತು. ಸರ್ವೆಯ ಲೆಕ್ಕದಲ್ಲಿ ಮನೆ ಎಂದರೆ ಒಂದೇ ಸೂರಿನಡಿ ಇರುವವರೆಲ್ಲ. ಬಾಡಿಗೆ ಭರಿಸಲಾಗದೆ ಮೂರು ಸಂಸಾರಗಳು ಒಂದು ಮನೆ ಹಂಚಿಕೊಂಡರೆ, ಮೂರರ ಗಳಿಕೆಯೂ ಸೇರಿ ಕಾಗದದ ಮೇಲೆ ಅದು ಅನುಕೂಲಸ್ಥರ ಮನೆಯಾಗುತ್ತದೆ. ಮೇಲಿನ ತುದಿಯಲ್ಲಿ ಇದಕ್ಕೆ ತಿರುಗುಮುರುಗು: ಷೇರು ಮಾರಿ ಬಂದ ಲಾಭವನ್ನು ಈ ಸರ್ವೆ ಆದಾಯವೆಂದು ಎಣಿಸುವುದೇ ಇಲ್ಲ. ಲಾಸ್ ಆಲ್ಟೋಸ್‌ನಂಥ ಊರಿನ ಮಧ್ಯಾಂಕ ‘2,50,000+’ ಎಂದಷ್ಟೇ ಅಚ್ಚಾಗುತ್ತದೆ, ಕೋಷ್ಟಕದ ಮಿತಿಯೇ ಅಷ್ಟು.

ಈಗ ಆ ಅಳತೆಗೋಲಿಗೆ ಬರೋಣ. ಅದನ್ನು ರೂಪಿಸಿದವರು ಮಾಲಿ ಆರ್ಷಾನ್‌ಸ್ಕಿ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯ ಅರ್ಥಶಾಸ್ತ್ರಜ್ಞೆ, ವಲಸೆ ಬಂದ ಬಡ ಕುಟುಂಬದ ಮಗಳು. 1963ರ ಸುಮಾರಿಗೆ ಅವರ ಕೈಯಲ್ಲಿದ್ದದ್ದು ಎರಡೇ ದಾಖಲೆ. ಒಂದು, ಕೃಷಿ ಇಲಾಖೆ ತಯಾರಿಸಿದ್ದ ಅತಿ ಕಡಿಮೆ ಖರ್ಚಿನ ಆಹಾರ ಯೋಜನೆ. ಕೈ ಖಾಲಿಯಾದಾಗ ತಾತ್ಕಾಲಿಕವಾಗಿ ದಿನ ದೂಡುವುದಕ್ಕೆಂದು ಮಾಡಿದ್ದು, ವರ್ಷಾನುಗಟ್ಟಲೆ ಉಣ್ಣುವುದಕ್ಕಲ್ಲ. ಎರಡನೆಯದು 1955ರ ಸಮೀಕ್ಷೆ. ಮೂರು ಅಥವಾ ಹೆಚ್ಚು ಮಂದಿಯ ಕುಟುಂಬಗಳು ತೆರಿಗೆ ಕಳೆದು ಉಳಿದ ಆದಾಯದಲ್ಲಿ ಮೂರನೇ ಒಂದು ಭಾಗವನ್ನು ಊಟಕ್ಕೆ ಖರ್ಚು ಮಾಡುತ್ತಿದ್ದವೆಂದು ಅದು ತೋರಿಸಿತ್ತು. ಆದ್ದರಿಂದ ಆಹಾರದ ವೆಚ್ಚವನ್ನು ಮೂರರಿಂದ ಗುಣಿಸಿದರು. ಇಬ್ಬರ ಸಂಸಾರಕ್ಕೆ 3.7ರಿಂದ. ನಾಲ್ವರ ಕುಟುಂಬಕ್ಕೆ ಬಂದ ಉತ್ತರ ವರ್ಷಕ್ಕೆ ಸುಮಾರು 3,100 ಡಾಲರ್. ಬದುಕಲು ಎಷ್ಟು ಸಾಕು ಎಂದು ಖಚಿತವಾಗಿ ಹೇಳಲಾಗದಿದ್ದರೂ ಎಷ್ಟು ಸಾಲದು ಎಂದಾದರೂ ಹೇಳಬಹುದು ಎಂಬುದು ಅವರ ನಿಲುವಾಗಿತ್ತು. ಅಂದಿನ ಮಾಹಿತಿಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕೆಲಸ ಸಾಧ್ಯವಿರಲಿಲ್ಲ.

ಎಡವಟ್ಟಾದದ್ದು ಆಮೇಲೆ. 1969ರಲ್ಲಿ ಸರ್ಕಾರ ಅದನ್ನೇ ಅಧಿಕೃತ ರೇಖೆಯಾಗಿಸಿ, ಪ್ರತಿ ವರ್ಷ ಗ್ರಾಹಕ ಬೆಲೆ ಸೂಚ್ಯಂಕ ಏರಿದಷ್ಟೇ ಏರಿಸುತ್ತ ಬಂತು. ಮೂರರ ಗುಣಕವನ್ನು ಮತ್ತೆ ಪರೀಕ್ಷಿಸಲಿಲ್ಲ. ಇಂದು ಅಮೆರಿಕದ ಮನೆಗಳು ಊಟಕ್ಕೆ ಮಾಡುವ ಖರ್ಚು ಒಟ್ಟು ಖರ್ಚಿನ ಎಂಟನೇ ಒಂದು ಭಾಗದಷ್ಟು. ಬಾಡಿಗೆ, ಮಕ್ಕಳ ಪಾಲನೆ, ವೈದ್ಯಕೀಯ ವೆಚ್ಚಗಳು ಆ ಜಾಗವನ್ನು ನುಂಗಿವೆ. ಜೊತೆಗೆ ರೇಖೆ ಎಲ್ಲ ಊರಿಗೂ ಒಂದೇ: ಮಿಸಿಸಿಪ್ಪಿಯ ಹಳ್ಳಿಗೂ ಅದೇ, ಸ್ಯಾನ್ ಹೋಸೆಗೂ ಅದೇ. ಕ್ಯಾಲೊರಿಯಿಂದ ಬಡತನದ ಲೆಕ್ಕ ಶುರುಮಾಡಿದ ಭಾರತದಲ್ಲೂ 1993ರ ಲಕಡಾವಾಲಾ ಸಮಿತಿ ರಾಜ್ಯಕ್ಕೊಂದು ರೇಖೆ ಬೇಕೆಂದಿತ್ತು.

ಇದರ ಪರಿಣಾಮವನ್ನು ಒಂದು ಮನೆಗೆ ಅನ್ವಯಿಸಿ ನೋಡಿ. 2023ರಲ್ಲಿ ಇಬ್ಬರು ವಯಸ್ಕರು, ಇಬ್ಬರು ಮಕ್ಕಳ ಕುಟುಂಬಕ್ಕೆ ಅಧಿಕೃತ ಬಡತನ ರೇಖೆ 30,900 ಡಾಲರ್. ಆ ವರ್ಷ ಸ್ಯಾನ್ ಹೋಸೆಯ ಕನಿಷ್ಠ ಕೂಲಿ ಗಂಟೆಗೆ 17 ಡಾಲರ್. ವಾರಕ್ಕೆ 40 ಗಂಟೆಯಂತೆ 52 ವಾರವೂ ಒಬ್ಬರೇ ದುಡಿದರೆ 35,360. ಅಂದರೆ ಈ ನಾಲ್ವರು ಬಡವರಲ್ಲ! ಆದರೆ ಕೌಂಟಿಯ ಬಾಡಿಗೆಯ ಮಧ್ಯಾಂಕ ತಿಂಗಳಿಗೆ 2,700 ಡಾಲರ್ ಮೀರುತ್ತದೆ. ವರ್ಷಕ್ಕೆ ಕನಿಷ್ಠ 32,400. ಅಂಥ ಮನೆ ಹಿಡಿದರೆ ಬಾಡಿಗೆ ಕೊಟ್ಟು ಉಳಿಯುವುದು ಮೂರು ಸಾವಿರಕ್ಕೂ ಕಡಿಮೆ, ಅದೂ ತೆರಿಗೆ ಹಿಡಿಯುವ ಮುಂಚೆ. ಬಾಡಿಗೆ ಆದಾಯದ ಶೇ 30 ಮೀರಿದರೆ ಹೊರೆ ಎನ್ನುವುದು ಅಮೆರಿಕದ ಕೇಂದ್ರ ವಸತಿ ಇಲಾಖೆಯದೇ ಮಾನದಂಡ. ಅದೇ ಇಲಾಖೆಯ ವಸತಿ ನೆರವಿನ ಪಟ್ಟಿಯಲ್ಲಿ, ಅದೇ ವರ್ಷ, ಈ ಕೌಂಟಿಯ ನಾಲ್ವರ ಕುಟುಂಬ 1,37,100 ಡಾಲರ್ ಗಳಿಸಿದರೂ ‘ಕಡಿಮೆ ಆದಾಯ’ದ ಗುಂಪಿನಲ್ಲೇ ಇತ್ತು. ಒಂದೇ ಕೇಂದ್ರ ಸರ್ಕಾರದ ಎರಡು ಗೆರೆಗಳ ನಡುವೆ ನಾಲ್ಕು ಪಟ್ಟಿಗೂ ಹೆಚ್ಚಿನ ಅಂತರ.

ಸೆನ್ಸಸ್ ಬ್ಯೂರೊ 2011ರಿಂದ ಪೂರಕ ಬಡತನ ಮಾಪನ ಎಂಬ ಇನ್ನೊಂದು ಲೆಕ್ಕವನ್ನೂ ಪ್ರಕಟಿಸುತ್ತಿದೆ. ಅದರಲ್ಲಿ ಊಟ, ಬಟ್ಟೆ, ವಸತಿ, ನೀರು-ವಿದ್ಯುತ್ತಿನ ಖರ್ಚು ಆಧಾರ. ಆಯಾ ಪ್ರದೇಶದ ಬಾಡಿಗೆಗೆ ತಕ್ಕಂತೆ ರೇಖೆ ಏರಿಳಿಯುತ್ತದೆ. ಆಹಾರ ನೆರವನ್ನು ಆದಾಯಕ್ಕೆ ಸೇರಿಸುತ್ತಾರೆ. ತೆರಿಗೆ, ವೈದ್ಯಕೀಯ ವೆಚ್ಚ, ಕೆಲಸಕ್ಕೆ ಹೋಗಿಬರುವ ಖರ್ಚುಗಳನ್ನು ಕಳೆಯುತ್ತಾರೆ. ಹೀಗೆ ಅಳೆದಾಗ ಕ್ಯಾಲಿಫೋರ್ನಿಯಾ ದೇಶದ ಅತಿ ಹೆಚ್ಚು ಬಡತನದ ರಾಜ್ಯಗಳ ಸಾಲಿಗೆ ಬಂದು ನಿಲ್ಲುತ್ತದೆ.

ಇಷ್ಟಾದರೂ ಕೌಂಟಿಯ ಅಂಕಿಯಲ್ಲಿ ಸಿಗದ ಒಂದು ಗುಂಪಿದೆ. ಸರ್ವೆ ಜನರನ್ನು ಎಣಿಸುವುದು ಅವರು ವಾಸಿಸುವಲ್ಲಿ, ದುಡಿಯುವಲ್ಲಿ ಅಲ್ಲ. ಬಾಡಿಗೆ ತಾಳದೆ ಸ್ಯಾನ್ ಹೋಸೆ ಬಿಟ್ಟು ಸ್ಟಾಕ್‌ಟನ್ ಸೇರಿದ ಕಚೇರಿ ಸಫಾಯಿ ಕೆಲಸಗಾರರು ಸಾನ್ ವಾಕಿನ್ ಕೌಂಟಿಯ ಲೆಕ್ಕಕ್ಕೆ ಹೋಗುತ್ತಾರೆ. ಅವರು ಹೋದದ್ದರಿಂದಲೇ ಸಾಂಟಾ ಕ್ಲಾರಾದ ಮಧ್ಯಾಂಕ ಒಂದಿಷ್ಟು ಮೇಲೇರುತ್ತದೆ, ಒಬ್ಬರ ಸಂಬಳವೂ ಹೆಚ್ಚಾಗದೆ. ಎರಡು ಊರುಗಳ ನಡುವೆ 1998ರಿಂದ ಓಡುತ್ತಿರುವ ರೈಲಿನ ಹಾದಿ ಸುಮಾರು 138 ಕಿಲೋಮೀಟರ್. ಒಂದು ಕಡೆಯ ಪ್ರಯಾಣಕ್ಕೇ ಎರಡು ಗಂಟೆ ಮೀರುತ್ತದೆ. ಈ ಜನರನ್ನು ಹುಡುಕಬೇಕೆಂದರೆ ಕಾರ್ಮಿಕ ಅಂಕಿಅಂಶ ಬ್ಯೂರೊದ ಸಂಬಳ ಕೋಷ್ಟಕ ತೆರೆಯಬೇಕು. ಅದು ಕೆಲಸದ ಜಾಗದ ಲೆಕ್ಕ.