ಗಿಟಾರಿನ ಮೈಗೆ ಅಂಟಿದ ತಗಡು

ಚಿಕ್ಕಮಗಳೂರಿನಲ್ಲಿ ಆಷಾಢದ ಮಳೆ ಬಿಡದೆ ಹಿಡಿದಿದ್ದ ವಾರದಲ್ಲಿ ನೆರೆಮನೆಯ ಹುಡುಗಿ ತನ್ನ ಅಜ್ಜನ ಹಳೆಯ ಗಿಟಾರನ್ನು ನಮ್ಮ ಮನೆಗೆ ತಂದಳು. ಏಳೆಂಟು ವರ್ಷಗಳ ಹಿಂದೆ ಅವಳ ಅಣ್ಣ, ಫೋನನ್ನು ನಿಲ್ಲಿಸಿಕೊಳ್ಳಲೆಂದು, ಬೆಂಕಿಪೊಟ್ಟಣದಷ್ಟು ಅಗಲದ ತಗಡೊಂದನ್ನು ಡಬಲ್ ಟೇಪಿನಿಂದ ಅದರ ಮುಂಭಾಗಕ್ಕೆ ಅಂಟಿಸಿದ್ದನಂತೆ. "ಅಂಕಲ್, ಚಾಕು ಹಾಕಿ ಎಬ್ಬಿಸಿಬಿಡ್ಲಾ?" ಎಂದು ಕೇಳಿದಳು. ಬೇಡವೆಂದೆ. ಹಾಗೆ ಎಬ್ಬಿಸಿದರೆ ತಗಡಿನೊಂದಿಗೆ ಮೆರುಗಿನ ಪದರವೂ, ಅದರ ಕೆಳಗಿನ ಮರದ ಒಂದಿಷ್ಟು ಎಳೆಗಳೂ ಕಿತ್ತುಬರುತ್ತವೆ.

ಡಬಲ್ ಟೇಪಿನ ಅಂಟು ಪೂರ್ತಿ ಘನವೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಅದರ ಉದ್ದುದ್ದನೆಯ ಅಣುಗಳು ಮೇಲ್ಮೈಯ ಸಣ್ಣಪುಟ್ಟ ತಗ್ಗುಗಳಿಗೆ ನಿಧಾನವಾಗಿ ಹರಿದು ಕೂರುತ್ತವೆ. ಆದ್ದರಿಂದಲೇ ಇಂತಹ ಟೇಪು ಅಂಟಿಸಿದ ಗಳಿಗೆಗಿಂತ ಮೂರು ದಿನಗಳ ನಂತರ ಹೆಚ್ಚು ಬಿಗಿಯಾಗಿರುತ್ತದೆ. ಬಿಡಿಸುವ ಉಪಾಯವೂ ಇದೇ ಗುಣದಲ್ಲಿದೆ. ಥಟ್ಟನೆ ಎಳೆದರೆ ಆ ಅಣುಗಳಿಗೆ ಸರಿದುಕೊಳ್ಳಲು ಸಮಯ ಸಿಗದೆ ಅಂಟು ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಆಗ ಮುರಿಯುವುದು ಅಂಟಲ್ಲ, ಅದರಡಿಯ ಮೆರುಗು. ನಿಧಾನವಾಗಿ ಎಳೆದರೆ ಅದು ಎಳೆಎಳೆಯಾಗಿ ಜಾರಿ ದಾರಿ ಬಿಡುತ್ತದೆ. ಹದವಾದ ಬಿಸಿಯೂ ಅಣುಗಳ ಚಲನೆಯನ್ನು ಚುರುಕುಗೊಳಿಸಿ ಇದೇ ಕೆಲಸವನ್ನು ಮಾಡುತ್ತದೆ.

ಅಂಟನ್ನು ಮುಟ್ಟುವ ಮೊದಲು ಮೆರುಗು ಯಾವುದೆಂದು ತಿಳಿಯಬೇಕು. ಇಂದಿನ ಹೆಚ್ಚಿನ ಗಿಟಾರುಗಳ ಮೇಲಿರುವ ಪಾಲಿಯೂರಿಥೇನ್ ಅಥವಾ ಪಾಲಿಯೆಸ್ಟರ್ ಪದರದಲ್ಲಿ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಕರಗುವುದಿಲ್ಲ. 1920ರ ದಶಕದಲ್ಲಿ ಕಾರುಗಳಿಗೆಂದು ಬಂದು ಗಿಟಾರಿನ ಕಾರ್ಖಾನೆಗಳಿಗೂ ಹೊಕ್ಕ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನಲ್ಲಿ ಆ ಹೆಣಿಗೆ ಇಲ್ಲ; ಒಣಗಿ ಎಷ್ಟೇ ವರ್ಷವಾಗಿದ್ದರೂ ತನ್ನ ದ್ರಾವಕ ಸಿಕ್ಕಿದರೆ ಅದು ಮತ್ತೆ ಕರಗುತ್ತದೆ. ಉಗುರುಬಣ್ಣದಲ್ಲಿ ಇರುವುದೂ ಇದೇ ನೈಟ್ರೋಸೆಲ್ಯುಲೋಸ್. ಉಗುರುಬಣ್ಣ ತೆಗೆಯುವ ಅಸಿಟೋನ್ ಇಂತಹ ಗಿಟಾರಿನ ಮೇಲೆ ಬಿದ್ದರೆ ಏನಾಗುವುದೆಂದು ಬೇರೆ ಹೇಳಬೇಕಿಲ್ಲ. ಥಿನ್ನರ್ ಕೂಡ ಬೇಡ. ಕೆಲವು ಕ್ಲಾಸಿಕಲ್ ಗಿಟಾರುಗಳಿಗೆ ಬಳಿಯುವ ಅರಗು, ಅಂದರೆ ಚನ್ನಪಟ್ಟಣದ ಗೊಂಬೆಗಳ ಮೇಲೆ ಹೊಳೆಯುವ ವಸ್ತುವೇ, ಸ್ಪಿರಿಟ್ಟಿಗೆ ಕರಗಿಬಿಡುತ್ತದೆ. ಅದರ ಹತ್ತಿರ ಸ್ಯಾನಿಟೈಸರ್ ಸಹ ಸುಳಿಯಬಾರದು. ಈ ಗಿಟಾರಿನ ಪದರ ಹಳದಿಗೆ ತಿರುಗಿ, ಕೂದಲೆಳೆಯಂತಹ ಬಿರುಕುಗಳಿಂದ ತುಂಬಿತ್ತು. ಲ್ಯಾಕರ್ ಎಂದೇ ಎಣಿಸಿ ಮುಂದುವರಿದೆ.

ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ, ತಗಡಿನ ಮೇಲೆ ಆಡಿಸಿದೆ. ಆಗಾಗ ಅಂಗೈ ಇಟ್ಟು ನೋಡುತ್ತಿದ್ದೆ: ಬೆಚ್ಚಗೆನಿಸಬೇಕು, ಸುಡಬಾರದು. ಮಿತಿಮೀರಿದ ಬಿಸಿಗೆ ಲ್ಯಾಕರ್ ಮೆತ್ತಗಾಗುತ್ತದೆ, ಒಳಗಿನ ಮರದ ಜೋಡಣೆಯ ಅಂಟೂ ಸಡಿಲವಾಗುತ್ತದೆ. ಮಂಜುಗಡ್ಡೆ ಇಟ್ಟು ಅಂಟನ್ನು ಪೆಡಸಾಗಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಹಠಾತ್ ಚಳಿಗೆ ಹಳೆಯ ಲ್ಯಾಕರೇ ಬಿರಿಯುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ತಗಡು ಬಾಗದ ವಸ್ತುವಾದ್ದರಿಂದ ಅದನ್ನು ಸುಲಿದು ತೆಗೆಯಲಾಗದು. ಹಲ್ಲು ಶುಚಿಗೊಳಿಸುವ ಫ್ಲಾಸ್ ದಾರವನ್ನು ತಗಡಿನ ಒಂದು ಮೂಲೆಯಡಿ ತೂರಿಸಿ, ಎರಡು ತುದಿಗಳನ್ನೂ ಬೆರಳಿಗೆ ಸುತ್ತಿಕೊಂಡು, ಮರಕ್ಕೆ ಸಮಾನಾಂತರವಾಗಿ ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆದೆ. ದಾರ ಕತ್ತರಿಸುವುದು ಟೇಪಿನ ಮಧ್ಯದ ಸ್ಪಂಜನ್ನು. ಮೆರುಗಿನ ಮೇಲೆ ಮೇಲ್ಮುಖವಾದ ಎಳೆತ ಬೀಳುವುದಿಲ್ಲ. ಕಪ್ಪು ಪುಡಿ ಉದುರತೊಡಗಿತು, ದಾರ ಎರಡು ಬಾರಿ ತುಂಡಾಯಿತು, ಮೂರು ಸಲ ಮತ್ತೆ ಬಿಸಿ ಮಾಡಬೇಕಾಯಿತು. ಅರ್ಧ ಗಂಟೆ ಕಳೆದ ಮೇಲೆ ತಗಡು ತಾನಾಗಿ ಕೈಗೆ ಬಂತು.

ಉಳಿದ ಜಿಗುಟನ್ನು ಹೆಬ್ಬೆರಳಿನಿಂದ ಉರುಳಿಸಿ ಉಂಡೆ ಮಾಡಿ ತೆಗೆದೆ. ಅದಕ್ಕೂ ಬಗ್ಗದ ತೆಳು ಪದರಕ್ಕೆ ಮಲೆನಾಡಿನ ಎಲ್ಲರಿಗೂ ಗೊತ್ತಿರುವ ವಿದ್ಯೆ ಬೇಕು. ಹಲಸಿನ ಮೇಣ ನೀರಿಗೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಜಿಡ್ಡಿನ ಜಾತಿಯದನ್ನು ಬಿಡಿಸಲು ಅದೇ ಜಾತಿಯದು ಬೇಕು. ಆದರೆ ಎಣ್ಣೆ ಆರುವುದಿಲ್ಲ, ಬಿರುಕುಗಳ ಮೂಲಕ ಮರಕ್ಕೆ ಇಳಿದು ಕಲೆಯಾಗುತ್ತದೆ. ಬತ್ತಿಯಿರುವ ಲೈಟರಿಗೆ ತುಂಬಿಸುವ ನ್ಯಾಫ್ತಾ ಅದೇ ಜಿಡ್ಡಿನ ಜಾತಿಯದಾದರೂ ಬೇಗ ಆರಿಹೋಗುತ್ತದೆ, ಅಂಟನ್ನು ಉಬ್ಬಿಸಿ ಸಡಿಲಿಸುತ್ತದೆ, ಲ್ಯಾಕರನ್ನು ಕರಗಿಸುವುದಿಲ್ಲ. ಹಾಗಿದ್ದರೂ ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ಒತ್ತಿ ಪರೀಕ್ಷಿಸಿದೆ. ಅದರ ಆವಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಡ್ರೈಯರಿನ ಪ್ಲಗ್ ಕಿತ್ತು, ಕಿಟಕಿ ತೆರೆದು, ಗಿಟಾರು ತಣ್ಣಗಾದ ಮೇಲೆಯೇ ಸೀಸೆಯ ಮುಚ್ಚಳ ತೆಗೆದೆ. ಗಿಟಾರಿನ ಮೇಲೆ ಸುರಿಯದೆ, ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ತೇವಗೊಳಿಸಿ ಒರೆಸಿದೆ.

ಎಲ್ಲ ಮುಗಿದ ಮೇಲೂ ತಗಡಿದ್ದ ಜಾಗದಲ್ಲಿ ತಿಳಿಬಣ್ಣದ ಒಂದು ಆಯತ ಉಳಿದಿತ್ತು. ಹುಡುಗಿ ಅದನ್ನು ಉಜ್ಜಲು ಹೋದಾಗ ತಡೆದೆ. ಅದು ಕೊಳೆಯಲ್ಲ, ಸುತ್ತಲಿನ ಲ್ಯಾಕರ್ ಇಷ್ಟು ವರ್ಷಗಳ ಬೆಳಕಿಗೆ ಹಳದಿಯಾಗುತ್ತ ಹೋದಾಗ ತಗಡಿನ ನೆರಳಿನಲ್ಲಿ ಹಾಗೆಯೇ ಉಳಿದುಕೊಂಡ ಬಣ್ಣ, ಅವಳ ಅಣ್ಣ ಟೇಪು ಒತ್ತಿದ ದಿನ ಇಡೀ ಗಿಟಾರಿಗೆ ಇದ್ದ ಬಣ್ಣ.